ತಣ್ಣೀರಿನ ಕಡಲಿಗೆ ಕಯಾಕ್ ಇಳಿಸುವ ಮೊದಲು

ನಮ್ಮ ಮನೆ ಗಂಗೊಳ್ಳಿ ಕಡೆ. ಅಪ್ಪಯ್ಯ ದೋಣಿಗೆ ಹೋಗುತ್ತಿದ್ದರು. ಅಮ್ಮ ಬುಟ್ಟಿ ಹೊತ್ತು ಮೀನು ಮಾರುತ್ತಿದ್ದರು. ಹೆಣ್ಣುಮಕ್ಕಳು ದೋಣಿ ಹತ್ತುವ ರೂಢಿ ನಮ್ಮ ಕೇರಿಯಲ್ಲಿ ಇರಲಿಲ್ಲ. ಹಾಗಾಗಿ ಕಡಲ ಪಕ್ಕದಲ್ಲೇ ಬೆಳೆದರೂ ಮದುವೆಯಾಗಿ ಅಮೆರಿಕದ ಸಿಯಾಟಲ್ ಹತ್ತಿರ ಬರುವವರೆಗೆ ನಾನು ನೀರಿನ ಮೇಲೆ ಕೂತು ಗಾಳ ಹಾಕಿದವಳಲ್ಲ. ಈಗ ಏಳು ವರ್ಷದಿಂದ ಇಲ್ಲಿ ಪ್ಯೂಜೆಟ್ ಸೌಂಡ್ ಅನ್ನುವ, ನೆಲದೊಳಗೆ ಚಾಚಿಕೊಂಡ ಕಡಲಿನಲ್ಲಿ ಕಯಾಕ್, ಅಂದರೆ ಹುಟ್ಟು ಹಾಕುವ ಕಿರಿದಾದ ಸಣ್ಣ ದೋಣಿ ಹಾಕಿಕೊಂಡು ಮೀನು ಹಿಡಿಯುತ್ತೇನೆ. ಇಲ್ಲಿನ ಕನ್ನಡದವರು ಯಾರು ಸಿಕ್ಕಿದರೂ "ಅಕ್ಕ, ನಮಗೂ ಹೇಳಿಕೊಡಿ" ಅನ್ನುತ್ತಾರೆ. ಒಬ್ಬೊಬ್ಬರಿಗೂ ಹೇಳಿದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಎಲ್ಲರೂ ಮೊದಲು ಕೇಳುವುದು ಯಾವ ಕಯಾಕ್ ತಗೋಬೇಕು ಅಂತ. ನಾನು ತಿರುಗಿ ಕೇಳುವುದು ಒಂದೇ. ನೀರಿಗೆ ಬಿದ್ದರೆ ಏನು ಮಾಡ್ತೀರಿ? "ನನಗೆ ಈಜು ಬರುತ್ತೆ ಅಕ್ಕ" ಅಂತ ಉತ್ತರ ಬಂದರೆ ನನಗೆ ಭಯವಾಗುತ್ತದೆ. ಯಾಕೆಂದರೆ ನಾನೂ ಹಾಗೇ ಅಂದುಕೊಂಡಿದ್ದೆ.

ಮೊದಲ ವರ್ಷದ ಏಪ್ರಿಲ್ ತಿಂಗಳು. ಎಡ್ಮಂಡ್ಸ್ ಊರಿನ ಕಡಲ ದಂಡೆ. ಒಳ್ಳೇ ಬಿಸಿಲು, ಗಾಳಿಯೇ ಇಲ್ಲ. ಜೀನ್ಸ್, ಮೇಲೊಂದು ಹತ್ತಿಯ ಸ್ವೆಟ್‌ಶರ್ಟ್, ಅದರ ಮೇಲೆ ಲೈಫ್ ಜಾಕೆಟ್. ದಡದಿಂದ ಇಪ್ಪತ್ತು ಮೀಟರ್ ಕೂಡ ಹೋಗಿರಲಿಲ್ಲ. ದೂರದಲ್ಲಿ ಹೋದ ಯಾವುದೋ ಹಡಗಿನ ಅಲೆ ಬಂದು ಪಕ್ಕಕ್ಕೆ ಬಡಿಯಿತು, ಕಯಾಕ್ ಮಗುಚಿತು. ನೀರು ಎದೆ ಮುಟ್ಟಿದ್ದೇ ತಡ, ಬಾಯಿ ತಾನಾಗಿ ತೆರೆದುಕೊಂಡು "ಹಾಂ" ಅಂತ ಉಸಿರು ಒಳಗೆ ಎಳೆದುಕೊಂಡಿತು. ಅದನ್ನು ತಡೆಯಲು ನನ್ನಿಂದ ಆಗಲಿಲ್ಲ. ಲೈಫ್ ಜಾಕೆಟ್ ಇದ್ದದ್ದರಿಂದ ಮುಖ ನೀರಿನ ಮೇಲಿತ್ತು. ಇಲ್ಲದಿದ್ದರೆ ಆ ಉಸಿರಿನ ಜೊತೆ ನೀರೇ ಒಳಗೆ ಹೋಗುತ್ತಿತ್ತು. ಹೇಗೋ ಕಾಲಿಗೆ ಮರಳು ಸಿಕ್ಕಿತು, ದಡ ಹತ್ತಿದೆ. ಆಮೇಲೆ ಜೇಬಿನಿಂದ ಕಾರಿನ ಕೀಲಿ ತೆಗೆಯಲು ಹೋದರೆ ಬೆರಳು ಮಡಚುತ್ತಲೇ ಇಲ್ಲ. ಕೀಲಿ ಕಣ್ಣಿಗೆ ಕಾಣುತ್ತಿದೆ, ಹಿಡಿಯಲು ಆಗುತ್ತಿಲ್ಲ. ನಾಯಿ ಕರೆದುಕೊಂಡು ಬಂದಿದ್ದ ಒಬ್ಬರು ಹೆಂಗಸು ಕೀಲಿ ತೆಗೆದು ಕಾರಿನ ಬಾಗಿಲು ತೆರೆದುಕೊಟ್ಟರು. ನಾನು ನೀರಿನಲ್ಲಿ ಇದ್ದದ್ದು ಐದಾರು ನಿಮಿಷ, ಅಷ್ಟೇ.

ನಮ್ಮೂರಿನ ಕಡಲು 28 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ. ಅಲ್ಲಿ ಬಿದ್ದರೆ ಒದ್ದೆಯಾಗುತ್ತೀರಿ, ಅಷ್ಟೇ. ಇಲ್ಲಿ ಚಳಿಗಾಲದಲ್ಲಿ ಸುಮಾರು 8 ಡಿಗ್ರಿ. ಬೇಸಿಗೆಯಲ್ಲೂ ನಡುನೀರಿನಲ್ಲಿ 13-14ರ ಆಚೆಗೆ ಹೋಗುವುದು ಅಪರೂಪ. ನೀರು ನಮ್ಮ ಮೈಯ ಶಾಖವನ್ನು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಎಳೆದುಕೊಳ್ಳುತ್ತದೆ. ತಣ್ಣೀರಿನಲ್ಲಿ ಮೈಗೆ ಏನಾಗುತ್ತದೆ ಎಂದು ವರ್ಷಗಟ್ಟಲೆ ಅಧ್ಯಯನ ಮಾಡಿದ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಒಂದು ಸುಲಭದ ಲೆಕ್ಕ ಹೇಳಿಕೊಟ್ಟಿದ್ದಾರೆ. 1-10-1. ಮೊದಲ 1 ನಿಮಿಷ ಉಸಿರು ಹತೋಟಿಗೆ ತರಬೇಕು, ಬೇರೇನೂ ಮಾಡಬಾರದು. ಮುಂದಿನ 10 ನಿಮಿಷ ಕೈಕಾಲು ನಿಮ್ಮ ಮಾತು ಕೇಳುತ್ತವೆ, ಮಾಡುವುದನ್ನೆಲ್ಲ ಅಷ್ಟರಲ್ಲೇ ಮಾಡಬೇಕು. ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ ಹಿಡಿಯುತ್ತದೆ. ಆದರೆ ಲೈಫ್ ಜಾಕೆಟ್ ಇಲ್ಲದವರು ಆ ಒಂದು ಗಂಟೆಯ ತನಕ ಉಳಿಯುವುದೇ ಇಲ್ಲ. ಎಷ್ಟೇ ಚೆನ್ನಾಗಿ ಈಜು ಬರಲಿ, ಮರಗಟ್ಟಿದ ತೋಳು ಈಜುವುದಿಲ್ಲ.

ಮೈಮೇಲೆ ಏನಿರಬೇಕು

ಗಾಳಿ ಎಷ್ಟು ಬೆಚ್ಚಗಿದೆ ಅಂತ ನೋಡಿ ಬಟ್ಟೆ ಹಾಕಬೇಡಿ. ನೀರು ಎಷ್ಟು ತಣ್ಣಗಿದೆ ಅಂತ ನೋಡಿ ಹಾಕಿ. ನಾನು ಜುಲೈ ತಿಂಗಳ ಬಿಸಿಲಿನಲ್ಲೂ ಡ್ರೈಸೂಟ್ ಹಾಕಿಯೇ ಹೋಗುವುದು. ಸೆಕೆಯಾದರೆ ತಲೆಗೆ ನಾಲ್ಕು ಬೊಗಸೆ ನೀರು ಹಾಕಿಕೊಳ್ಳುತ್ತೇನೆ.

ಡ್ರೈಸೂಟ್ ಅಂದರೆ ಕತ್ತು, ಮಣಿಕಟ್ಟಿನ ಹತ್ತಿರ ಬಿಗಿಯಾದ ರಬ್ಬರ್ ಪಟ್ಟಿ ಇರುವ, ನೀರು ಒಳಗೆ ಬಿಡದ ಇಡೀ ಮೈಯ ಅಂಗಿ. ಒಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಡ್ರೈಸೂಟ್ ಮೈಯನ್ನು ಒಣಗಿರಿಸುತ್ತದೆ, ಬೆಚ್ಚಗೆ ಇರಿಸುವುದಿಲ್ಲ. ಬೆಚ್ಚಗೆ ಇರಿಸುವುದು ಅದರ ಒಳಗೆ ಹಾಕುವ ಉಣ್ಣೆ ಅಥವಾ ಫ್ಲೀಸ್ ಬಟ್ಟೆ. ಹತ್ತಿ ಬೇಡವೇ ಬೇಡ. ಹಾಕಿಕೊಂಡ ಮೇಲೆ ದಡದಲ್ಲೇ ಕುಕ್ಕರಗಾಲಲ್ಲಿ ಕೂತು, ಎರಡು ಬೆರಳಿನಿಂದ ಕತ್ತಿನ ಪಟ್ಟಿಯನ್ನು ಸ್ವಲ್ಪ ಬಿಡಿಸಿ, ಮೊಣಕಾಲನ್ನು ಎದೆಗೆ ಒತ್ತಿಕೊಳ್ಳಿ. ಒಳಗಿನ ಗಾಳಿ ಬುಸ್ ಅಂತ ಹೊರಗೆ ಹೋಗುತ್ತದೆ. ಪಟ್ಟಿ ಬಿಟ್ಟು ಎದ್ದು ನಿಂತರೆ ಸೂಟ್ ಮೈಗೆ ಅಂಟಿಕೊಂಡಿರುತ್ತದೆ. ಇದನ್ನು ಮರೆತರೆ ನೀರಿನಲ್ಲಿ ಗಾಳಿ ಕಾಲಿನ ಕಡೆ ಸೇರಿ ಕಾಲೇ ಮೇಲೆ ತೇಲುತ್ತದೆ. ಜಿಪ್ ಪೂರ್ತಿ ಕೊನೆವರೆಗೆ ಮುಚ್ಚಿದೆಯಾ ಅಂತ ಜೊತೆಯವರ ಹತ್ತಿರ ನೋಡಿಸಿ. ಅರ್ಧ ಇಂಚು ತೆರೆದಿದ್ದರೂ ನೀರು ತುಂಬುತ್ತದೆ.

ನನ್ನ ಹಳೇ ಕಯಾಕಿಗೆ ಕೊಟ್ಟದ್ದು 550 ಡಾಲರ್, ಡ್ರೈಸೂಟಿಗೆ 800. ಜಾಸ್ತಿ ಅನ್ನಿಸುತ್ತದೆ, ಗೊತ್ತು. ಆದರೆ ಇರುವ ದುಡ್ಡು ಒಂದಕ್ಕೆ ಮಾತ್ರ ಸಾಕಾಗುತ್ತದೆ ಅಂದರೆ ಮೊದಲು ಸೂಟ್ ತಗೊಳ್ಳಿ, ಕಯಾಕ್ ಬಾಡಿಗೆಗೆ ಸಿಗುತ್ತದೆ. ದಪ್ಪ ರಬ್ಬರಿನ ವೆಟ್‌ಸೂಟ್ ಅಗ್ಗ. ಆಗಸ್ಟ್ ತಿಂಗಳಲ್ಲಿ, ದಡದ ಪಕ್ಕದಲ್ಲೇ ಇರುವುದಾದರೆ ಅದು ಸಾಕು. ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ಮೂತ್ರಕ್ಕೆ ಹೋಗಲು ಹಿಂದೆ ಬೇರೆ ಜಿಪ್ ಇರುವ ಸೂಟನ್ನೇ ನೋಡಿ ತಗೊಳ್ಳಿ. ಇಲ್ಲದಿದ್ದರೆ ನೀರು ಕುಡಿಯಲು ಹಿಂಜರಿಯುತ್ತೀರಿ, ಮೈ ಬೇಗ ಸೋಲುತ್ತದೆ. ಇದನ್ನು ಅಂಗಡಿಯಲ್ಲಿ ಯಾರೂ ನನಗೆ ಹೇಳಿರಲಿಲ್ಲ.

ಲೈಫ್ ಜಾಕೆಟ್ ಹಾಕಿಕೊಂಡೇ ಇರಬೇಕು, ಸೀಟಿನ ಹಿಂದೆ ಕಟ್ಟಿಡಲು ಅಲ್ಲ. ನಾವಿರುವ ವಾಷಿಂಗ್ಟನ್ ರಾಜ್ಯದ ಕಾನೂನು ಪ್ರಕಾರ ಒಬ್ಬೊಬ್ಬರಿಗೆ ಒಂದೊಂದು ಜೊತೆಯಲ್ಲಿ ಇದ್ದರೆ ಸಾಕು, 12 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳು ಮಾತ್ರ ಹಾಕಿಕೊಂಡೇ ಇರಬೇಕು. ನೀವು ಕಾನೂನು ನೋಡಬೇಡಿ. ಬಿದ್ದ ಮೇಲೆ ತಣ್ಣೀರಿನಲ್ಲಿ ಅದನ್ನು ಹಾಕಿಕೊಳ್ಳಲು ಯಾರಿಂದಲೂ ಆಗುವುದಿಲ್ಲ. ಜಾಕೆಟ್ಟಿಗೇ ಸೀಟಿ, ದಾರ ಕತ್ತರಿಸುವ ಚಿಕ್ಕ ಚಾಕು, ಮತ್ತು ರೇಡಿಯೊ ಕಟ್ಟಿರಬೇಕು. ಕಯಾಕಿಗೆ ಅಲ್ಲ, ಜಾಕೆಟ್ಟಿಗೆ. ಗಾಳಿ ಇದ್ದರೆ ಖಾಲಿ ಕಯಾಕ್ ನಿಮಗಿಂತ ಬೇಗ ತೇಲಿ ಹೋಗುತ್ತದೆ. ಆಮೇಲೆ ನಿಮ್ಮ ಹತ್ತಿರ ಉಳಿಯುವುದು ಮೈಮೇಲೆ ಇದ್ದದ್ದು ಮಾತ್ರ.

ಕಯಾಕ್

ಮೀನು ಹಿಡಿಯಲು, ಮೇಲೆ ಕೂರುವ ಕಯಾಕ್ ಸರಿ, ಒಳಗೆ ಕಾಲು ತೂರಿಸುವುದಲ್ಲ. ಅದರ ತಳದಲ್ಲಿ ತೂತುಗಳಿರುತ್ತವೆ, ಬಿದ್ದ ನೀರು ತಾನಾಗಿ ಹರಿದು ಹೋಗುತ್ತದೆ. ಮಗುಚಿದರೂ ನೀರು ತುಂಬಿಕೊಳ್ಳುವುದಿಲ್ಲ, ತಿರುಗಿ ಹತ್ತುವುದು ಸುಲಭ. ಸುಮಾರು 12 ಅಡಿ ಉದ್ದ ಇದ್ದರೆ ಹೊಸಬರಿಗೆ ಅನುಕೂಲ. ಕಾಲಿನಿಂದ ತುಳಿಯುವ ಪೆಡಲ್ ಕಯಾಕ್ ಗಾಳ ಹಿಡಿಯಲು ಕೈ ಬಿಡುವು ಕೊಡುತ್ತದೆ, ಆದರೆ ಬೆಲೆಯೂ ಭಾರವೂ ಜಾಸ್ತಿ. ಹುಟ್ಟಿಗೆ, ಅಂದರೆ ಪ್ಯಾಡಲ್‌ಗೆ ಒಂದು ಹಗ್ಗ ಕಟ್ಟಿ. ಎದ್ದು ಕಾಣುವ ಬಣ್ಣದ ಬಾವುಟ ಹಾಕಿ. ಕಯಾಕ್ ಒಳಗೆ ನಿಮ್ಮ ಹೆಸರು, ಫೋನ್ ನಂಬರ್ ಬರೆದಿಡಿ. ಖಾಲಿ ಕಯಾಕ್ ತೇಲುತ್ತಾ ಸಿಕ್ಕಿದರೆ ಕೋಸ್ಟ್ ಗಾರ್ಡ್‌ನವರು ಮೊದಲು ಅದನ್ನೇ ಹುಡುಕುತ್ತಾರೆ. ಅದು ಗಾಳಿಗೆ ದಡದಿಂದ ಹಾರಿ ಹೋದದ್ದೋ, ಅದರಲ್ಲಿ ಯಾರಾದರೂ ಇದ್ದರೋ ಅಂತ ಒಂದು ಫೋನಿನಲ್ಲಿ ಅವರಿಗೆ ಗೊತ್ತಾಗುತ್ತದೆ.

ಬೀಳುವುದನ್ನು ಕಲಿಯಿರಿ

ಮೊದಲ ಮೂರ್ನಾಲ್ಕು ಸಲ ರಾಡ್, ಅಂದರೆ ಗಾಳದ ಕೋಲು ತರಲೇಬೇಡಿ. ಜುಲೈ ತಿಂಗಳಲ್ಲಿ ಲೇಕ್ ಸಮಾಮಿಶ್ ಅನ್ನುವ ಕೆರೆಯ ನೀರು ಹಿತವಾಗಿರುತ್ತದೆ. ಅಲ್ಲಿ ಸೊಂಟದಿಂದ ಎದೆಮಟ್ಟದ ನೀರಿಗೆ ಹೋಗಿ ಬೇಕೆಂತಲೇ ಬೀಳಿ. ನಾನು ಕಲಿತ ಕ್ರಮ ಹೀಗಿದೆ.

ಬಿದ್ದ ಕೂಡಲೇ ಒಂದು ಕೈ ಕಯಾಕ್ ಮೇಲೆ. ಹುಟ್ಟು ಹಿಡಿದುಕೊಳ್ಳಿ. ಉಸಿರು ಎಣಿಸಿ. ಕಯಾಕ್ ಬೋರಲು ಬಿದ್ದಿದ್ದರೆ ನಡುಭಾಗಕ್ಕೆ ಬನ್ನಿ. ತಳದ ಮೇಲೆ ಕೈ ಚಾಚಿ ಆಚೆ ಬದಿಯ ಹಿಡಿಕೆಯನ್ನೋ, ತಳದ ತೂತನ್ನೋ ಹಿಡಿದು, ಮೊಣಕಾಲನ್ನು ಈಚೆ ಬದಿಗೆ ಒತ್ತಿ ಹಿಂದಕ್ಕೆ ಬಾಗಿ. ನಿಮ್ಮ ಭಾರಕ್ಕೆ ಅದು ತಿರುಗಿ ನೆಟ್ಟಗಾಗುತ್ತದೆ. ಈಗ ನೀರಿನಲ್ಲಿ ನಿಂತ ಹಾಗೆ ಹತ್ತಲು ಹೋಗಬೇಡಿ, ಮತ್ತೆ ನಿಮ್ಮ ಮೇಲೇ ಮಗುಚುತ್ತದೆ. ಕಾಲನ್ನು ಹಿಂದಕ್ಕೆ ಚಾಚಿ, ಈಜುವಾಗ ಒದೆಯುವ ಹಾಗೆ ಜೋರಾಗಿ ಒದೆಯಿರಿ. ಮೈ ನೀರಿನ ಮಟ್ಟಕ್ಕೆ ಬಂದಾಗ ಕಯಾಕನ್ನು ಹೊಟ್ಟೆಯ ಅಡಿಗೆ ಎಳೆದುಕೊಳ್ಳಿ. ಹೊಟ್ಟೆ ಅಡ್ಡಕ್ಕೆ ಸೀಟಿನ ಮೇಲೆ ಬಂತಾ? ಅಲ್ಲೇ ಎರಡು ಉಸಿರು ಸುಧಾರಿಸಿಕೊಳ್ಳಿ. ಆಮೇಲೆ ಮಗ್ಗುಲಾಗಿ ಹೊರಳಿ ಕುಂಡೆ ಸೀಟಿಗೆ ತನ್ನಿ. ಕಾಲು ಕೊನೆಗೆ. ಹೊಟ್ಟೆ, ಕುಂಡೆ, ಕಾಲು. ಈ ಮೂರು ಮಾತು ಬಾಯಿಪಾಠ ಆಗಬೇಕು.

ನನಗೆ ಹನ್ನೊಂದನೇ ಸಲಕ್ಕೆ ಸಲೀಸಾಯಿತು. ಕೆರೆಯಲ್ಲಿ ಬಂದರೆ ಸಾಲದು. ಅದೇ ಸೂಟ್, ಅದೇ ಜಾಕೆಟ್ ಹಾಕಿಕೊಂಡು ಉಪ್ಪುನೀರಿನಲ್ಲಿ, ದಡದ ಪಕ್ಕ, ಯಾರಾದರೂ ನೋಡುತ್ತಿರುವಾಗ ಮತ್ತೆ ಬಿದ್ದು ಹತ್ತಬೇಕು. ಮೂರು ನಿಮಿಷದೊಳಗೆ ಹತ್ತಲು ಆಗದಿದ್ದರೆ ಇನ್ನೂ ಹೊರಡುವ ಹೊತ್ತಲ್ಲ. ಪ್ರತಿ ವರ್ಷ ಏಪ್ರಿಲ್‌ನಲ್ಲಿ ನಾನು ಇದನ್ನು ಮೊದಲಿನಿಂದ ಮಾಡುತ್ತೇನೆ.

ಗಾಳಿ ಮತ್ತು ನೀರಿನ ಸೆಳೆತ

ಹಿಂದಿನ ದಿನ ಅಪ್ಪಯ್ಯನಿಗೆ ಫೋನ್ ಮಾಡಿ "ನಾಳೆ ಹೋಗ್ತೆ" ಅಂದರೆ ಅವರು ಮೀನಿನ ಸುದ್ದಿ ಎತ್ತುವುದೇ ಇಲ್ಲ. "ಗಾಳಿ ಯಾವ ಬದಿದ್ದ್ ಮಗಾ? ನೀರ್ ಇಳಿತವಾ?" ಅಂತಲೇ ಕೇಳುವುದು.

ಗಂಗೊಳ್ಳಿಯ ಅಳಿವೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹೊಳೆಯ ನೀರು ಇಳಿತದಲ್ಲಿ ಕಡಲಿಗೆ ನುಗ್ಗುವಾಗ ಎದುರಿನಿಂದ ಗಾಳಿ, ಅಲೆ ಬಂದರೆ ಅಲ್ಲಿ ನೀರು ಎದ್ದು ನಿಲ್ಲುತ್ತದೆ. ದೋಣಿಗಳು ಮಗುಚುವುದು ಅಲ್ಲೇ. ಇಲ್ಲೂ ಅದೇ ಕತೆ. ಪ್ಯೂಜೆಟ್ ಸೌಂಡ್‌ನ ಮುಖ್ಯ ಭಾಗದಲ್ಲಿ ಇಳಿತದ ನೀರು ಉತ್ತರಕ್ಕೆ ಹೋಗುತ್ತದೆ. ಬೇಸಿಗೆ ಮಧ್ಯಾಹ್ನ ಗಾಳಿ ಉತ್ತರದಿಂದ ಏಳುತ್ತದೆ. ಎರಡೂ ಎದುರುಬದುರಾದರೆ, ಬೆಳಿಗ್ಗೆ ಕನ್ನಡಿಯ ಹಾಗಿದ್ದ ನೀರು ಒಂದು ಗಂಟೆಯಲ್ಲಿ ಕಡಿದಾದ ಗಿಡ್ಡ ಅಲೆಗಳಾಗುತ್ತದೆ. ನಾನು ಬೆಳಕು ಹರಿಯುವಾಗ ಇಳಿದು ಹತ್ತೂವರೆಗೆಲ್ಲ ದಡದಲ್ಲಿ ಇರುತ್ತೇನೆ.

ಭರತ-ಇಳಿತದ ವ್ಯತ್ಯಾಸವೂ ಇಲ್ಲಿ ದೊಡ್ಡದು. ನಮ್ಮೂರಲ್ಲಿ ಎರಡು ಮೀಟರ್ ಒಳಗೇ. ಸಿಯಾಟಲ್‌ನಲ್ಲಿ ಸರಾಸರಿ ಮೂರೂವರೆ ಮೀಟರ್ ಹತ್ತಿರ. ಅಷ್ಟು ನೀರು ಇಕ್ಕಟ್ಟಾದ ಜಾಗದಲ್ಲಿ ನುಗ್ಗುವಾಗ ಸೆಳೆತ ಎಷ್ಟಿರಬಹುದು ಯೋಚಿಸಿ. ಡಿಸೆಪ್ಷನ್ ಪಾಸ್ ಅನ್ನುವ ಇಕ್ಕಟ್ಟು ಜಲಸಂಧಿಯಲ್ಲಿ ಅದು 8 ನಾಟ್, ಅಂದರೆ ಗಂಟೆಗೆ ಸುಮಾರು 15 ಕಿಲೋಮೀಟರ್ ತನಕ ಹೋಗುತ್ತದೆ. ಹುಟ್ಟು ಹಾಕುವ ನಮ್ಮ ವೇಗ ಹೆಚ್ಚೆಂದರೆ 3 ನಾಟ್. ಟಕೋಮಾ ನ್ಯಾರೋಸ್, ಡಿಸೆಪ್ಷನ್ ಪಾಸ್ ಕಡೆಗೆ ಹೊಸಬರು ಹೋಗಲೇಬಾರದು. ಬೇರೆ ಕಡೆಯೂ ಇಲ್ಲಿನ ಸರ್ಕಾರದ ಕಡಲು-ಹವಾಮಾನ ಇಲಾಖೆ ನೋವಾದ ಭರತ-ಇಳಿತದ ಪಟ್ಟಿ, ಸೆಳೆತದ ಪಟ್ಟಿ, ಕಡಲ ಹವಾಮಾನ ಮೂರನ್ನೂ ನೋಡಿ. "ಸ್ಮಾಲ್ ಕ್ರಾಫ್ಟ್ ಅಡ್ವೈಸರಿ", ಅಂದರೆ ಸಣ್ಣ ದೋಣಿಗಳಿಗೆ ಕೊಡುವ ಎಚ್ಚರಿಕೆ ಬಂದಿಲ್ಲ ಅಂತ ಧೈರ್ಯ ಮಾಡಬೇಡಿ. ಇಲ್ಲಿ ಆ ಎಚ್ಚರಿಕೆ ಕೊಡುವುದು ಗಾಳಿ 21 ನಾಟ್ ಮುಟ್ಟುವಾಗ. ನನ್ನ ಗೆರೆ 10 ನಾಟ್. ನೀರಿನ ಮೇಲೆ ಇರುವಾಗ ಅಲೆಯ ತಲೆಯಲ್ಲಿ ಅಲ್ಲಲ್ಲಿ ಬಿಳಿ ನೊರೆ ಕಂಡರೆ ದಾರ ಸುತ್ತಿ ಹೊರಡುತ್ತೇನೆ. ಮೀನು ಕಚ್ಚುತ್ತಿದ್ದರೂ ಅಷ್ಟೇ.

ಹಡಗು, ಫೆರ್ರಿಗಳು ನಿಮ್ಮನ್ನು ನೋಡಿ ತಿರುಗುತ್ತವೆ ಅಂತ ನಂಬಬೇಡಿ. ಅವುಗಳ ದಾರಿಯಲ್ಲೇ ಇರಬೇಡಿ. ಅವು ಹೋದ ಎಷ್ಟೋ ಹೊತ್ತಿನ ಮೇಲೆ ಅಲೆ ಬರುತ್ತದೆ. ಆಗ ಕಯಾಕಿನ ಮೂತಿಯನ್ನು ಅಲೆಗೆ ಎದುರಾಗಿ ತಿರುಗಿಸಿ. ನಾನು ಮೊದಲ ವರ್ಷ ಮಗ್ಗುಲು ಕೊಟ್ಟದ್ದೇ ತಪ್ಪಾದದ್ದು. ಲಂಗರು ಹಾಕುವುದನ್ನು ಮೊದಲ ವರ್ಷ ಬಿಟ್ಟುಬಿಡಿ. ಸೆಳೆತದಲ್ಲಿ ಪಕ್ಕಕ್ಕೆ ಕಟ್ಟಿದ ಲಂಗರು ಕಯಾಕನ್ನು ಮಗುಚಿಯೇ ಹಾಕುತ್ತದೆ.

ಕೂಗಿದರೆ ಯಾರಿಗೆ ಕೇಳಬೇಕು

ಒದ್ದೆ ಬೆರಳಿಗೆ ಮೊಬೈಲ್ ಪರದೆ ಸ್ಪಂದಿಸುವುದಿಲ್ಲ. ದೋಣಿಯವರು ಬಳಸುವ, ನೀರಿನಲ್ಲಿ ತೇಲುವ ವಿಎಚ್‌ಎಫ್ ಕೈರೇಡಿಯೊ ಬೇಕು. ಒಳಗೇ ಜಿಪಿಎಸ್ ಇದ್ದು, ಕೆಂಪು ಗುಂಡಿ ಒತ್ತಿದರೆ ನೀವಿರುವ ಜಾಗವನ್ನೂ ಕಳಿಸುವಂಥದ್ದು ಇನ್ನೂ ಒಳ್ಳೆಯದು. ಚಾನೆಲ್ 16ರಲ್ಲಿ ಕೋಸ್ಟ್ ಗಾರ್ಡ್ ಕೇಳುತ್ತಿರುತ್ತಾರೆ. ಪ್ರಾಣಾಪಾಯದ ಕರೆಯಾದ "ಮೇಡೇ" ಅಂತ ಮೂರು ಸಲ, ಆಮೇಲೆ ಎಲ್ಲಿದ್ದೀರಿ, ಏನಾಗಿದೆ, ಎಷ್ಟು ಜನ. ಇದನ್ನು ಇಂಗ್ಲಿಷಿನಲ್ಲಿ ಮನೆಯಲ್ಲೇ ಬಾಯಿಬಿಟ್ಟು ಹೇಳಿ ರೂಢಿ ಮಾಡಿಕೊಳ್ಳಿ. ಚಳಿಯಲ್ಲಿ ನಾಲಿಗೆ ತೊದಲುತ್ತದೆ.

ಮನೆಯಲ್ಲಿ ಫ್ರಿಜ್ ಮೇಲೆ ನಾನು ಒಂದು ಚೀಟಿ ಅಂಟಿಸಿ ಹೋಗುತ್ತೇನೆ. ಎಲ್ಲಿ ಇಳಿಯುತ್ತೇನೆ, ಯಾವ ಕಡೆ ಹೋಗುತ್ತೇನೆ, ಸೂಟ್ ಯಾವ ಬಣ್ಣ, ಕಯಾಕ್ ಯಾವ ಬಣ್ಣ, ಕಾರು ಎಲ್ಲಿ ನಿಲ್ಲಿಸಿರುತ್ತೇನೆ. ಹನ್ನೊಂದಕ್ಕೆ ನನ್ನಿಂದ ಸುದ್ದಿ ಬರದಿದ್ದರೆ ನಮ್ಮವರು ಫೋನ್ ಮಾಡುತ್ತಾರೆ. ಹನ್ನೊಂದೂವರೆಗೂ ಇಲ್ಲದಿದ್ದರೆ ಕೋಸ್ಟ್ ಗಾರ್ಡಿಗೆ. "ಸ್ವಲ್ಪ ಕಾಯೋಣ" ಅನ್ನುವ ಮಾತಿಲ್ಲ ಅಂತ ಮೊದಲೇ ಮಾತಾಗಿದೆ.

ಈಗ ಮೀನು

ಇಷ್ಟೆಲ್ಲ ಆದ ಮೇಲೆ ಒಂದೇ ಒಂದು ರಾಡ್ ತನ್ನಿ. ಸಾಲ್ಮನ್ ಬೇಡ, ಚಪ್ಪಟೆ ಮೀನಿನಿಂದ ಶುರು ಮಾಡಿ. ಇಲ್ಲಿ ಸ್ಯಾಂಡ್‌ಡ್ಯಾಬ್, ರಾಕ್ ಸೋಲ್, ಸ್ಟಾರಿ ಫ್ಲೌಂಡರ್ ಅನ್ನುತ್ತಾರೆ. ನಮ್ಮ ನಂಗು ಮೀನಿನ ದೂರದ ನೆಂಟರು. ಎರಡು ಕಣ್ಣೂ ಒಂದೇ ಬದಿಗೆ. ಮರಳು ತಳದಲ್ಲಿ, 10-15 ಮೀಟರ್ ಆಳದಲ್ಲೇ ಸಿಗುತ್ತವೆ. ಸೀಸದ ಭಾರ ಕಟ್ಟಿ, ಗಾಳಕ್ಕೆ ಬೊಂಡಾಸಿನ (ಸ್ಕ್ವಿಡ್) ಸಣ್ಣ ಸೀಳು ಸಿಕ್ಕಿಸಿ, ತಳ ಮುಟ್ಟಿದ ಮೇಲೆ ಒಂದಡಿ ಎತ್ತಿ ಬಿಡಿ. ಟಕ್ ಟಕ್ ಅಂತ ಬೆರಳಿಗೆ ಗೊತ್ತಾಗುತ್ತದೆ. ಸಣ್ಣ ಮೀನು, ಕಯಾಕ್ ಅಲುಗಾಡುವುದಿಲ್ಲ. ಮೀನು ತೆಗೆಯುವಾಗ ಮೂಗು ಹೊಕ್ಕುಳದ ನೇರಕ್ಕೇ ಇರಲಿ. ತಲೆ ಪಕ್ಕಕ್ಕೆ ಹೋದರೆ ಮೈಯೂ ಹೋಗುತ್ತದೆ. ಏಡಿಯ ಬೋನು ಎಳೆಯುವಾಗ ಬೀಳುವುದು ಇದೇ ಕಾರಣಕ್ಕೆ, ಅದು ಎರಡನೇ ವರ್ಷಕ್ಕಿರಲಿ.

ಡಾಗ್‌ಫಿಶ್ ಅನ್ನುವ ಸಣ್ಣ ಶಾರ್ಕ್ ಕಚ್ಚಿದರೆ ತೊಡೆ ಮೇಲೆ ಎಳೆದುಕೊಳ್ಳಬೇಡಿ. ಬೆನ್ನಿನ ಎರಡೂ ರೆಕ್ಕೆಯ ಮುಂದೆ ವಿಷದ ಮುಳ್ಳು ಇರುತ್ತದೆ, ಡ್ರೈಸೂಟೂ ಹರಿಯುತ್ತದೆ. ನೀರಿನಲ್ಲೇ ಇಕ್ಕಳದಿಂದ ಗಾಳ ಬಿಡಿಸಿ, ಆಗದಿದ್ದರೆ ದಾರ ಕತ್ತರಿಸಿ.

ನಿಯಮ ಸರಿಯಾಗಿ ಓದಿ. 15 ವರ್ಷ ಮತ್ತು ಮೇಲಿನವರಿಗೆ ಲೈಸೆನ್ಸ್ ಬೇಕು, ಅದು ಏಪ್ರಿಲ್ 1ರಿಂದ ಮಾರ್ಚ್ 31ರ ತನಕ. ಪ್ಯೂಜೆಟ್ ಸೌಂಡ್‌ನಲ್ಲಿ ಗಾಳಕ್ಕೆ ಹಿಮ್ಮುಳ್ಳು ಇರಬಾರದು, ಇಕ್ಕಳದಿಂದ ಒತ್ತಿ ಮಟ್ಟ ಮಾಡಿ. ತಳದ ಮೀನಿಗೆ 120 ಅಡಿಗಿಂತ ಆಳಕ್ಕೆ ಹಾಕುವಂತಿಲ್ಲ. ರಾಕ್‌ಫಿಶ್ ಇಟ್ಟುಕೊಳ್ಳುವಂತಿಲ್ಲ. ಆಳದಿಂದ ಎಳೆದಾಗ ಅದರ ಹೊಟ್ಟೆಯ ಗಾಳಿಚೀಲ ಉಬ್ಬಿ, ಬಿಟ್ಟರೂ ಕೆಳಗೆ ಹೋಗಲಾಗದೆ ತೇಲುತ್ತದೆ. ಅದನ್ನು ಮತ್ತೆ ಆಳಕ್ಕೆ ಇಳಿಸಿ ಬಿಡುವ ಸಾಧನ ಕಯಾಕಿನಲ್ಲೂ ಸಿದ್ಧವಾಗಿರಬೇಕು, ಅದೂ ಕಾನೂನೇ. ಎಡ್ಮಂಡ್ಸ್‌ನಲ್ಲಿ ಫೆರ್ರಿ ಕಟ್ಟೆಯ ಉತ್ತರಕ್ಕಿರುವ ನೀರೊಳಗಿನ ಪಾರ್ಕಿನಲ್ಲಿ ಗಾಳ ಹಾಕುವಂತಿಲ್ಲ. ಇಲ್ಲಿಯೇ ನೆಲೆಸಿರುವ ಓರ್ಕಾ ತಿಮಿಂಗಿಲಗಳಿಂದ 2025ರ ಜನವರಿಯಿಂದ 1000 ಗಜ ದೂರ ಇರಬೇಕು. ನಮ್ಮ ಕಡೆ ಜೂನ್, ಜುಲೈ ಯಾಂತ್ರಿಕ ದೋಣಿಗಳಿಗೆ ರಜೆ ಕೊಟ್ಟು ಮೀನು ಮರಿ ಮಾಡಲು ಬಿಡುವುದಿಲ್ವಾ, ಈ ನಿಯಮಗಳೂ ಹಾಗೇ. ಇಲ್ಲಿನ ಮೀನು ಮತ್ತು ವನ್ಯಜೀವಿ ಇಲಾಖೆ ನಡುವೆಯೇ ನಿಯಮ ಬದಲಿಸುತ್ತದೆ, ಹೊರಡುವ ಹಿಂದಿನ ರಾತ್ರಿ ನೋಡಿಕೊಳ್ಳಿ.

ದಡಕ್ಕೆ ಬಂದ ಮೇಲೆ ಮೊದಲು ಮನೆಗೆ "ಹತ್ತಿದೆ" ಅಂತ ಸುದ್ದಿ. ಕಾರಿನಲ್ಲಿ ಒಣ ಬಟ್ಟೆಯ ಚೀಲ, ಉಣ್ಣೆ ಟೊಪ್ಪಿ, ಫ್ಲಾಸ್ಕಿನಲ್ಲಿ ಬೆಲ್ಲ ಹಾಕಿದ ಶುಂಠಿ ಕಷಾಯ ಇರಲಿ. ಯಾರಾದರೂ ಬಿದ್ದು ನಡುಗುತ್ತಿದ್ದರೆ ಒದ್ದೆ ಬಟ್ಟೆ ತೆಗೆದು, ಒಣಗಿದ್ದು ಹಾಕಿ, ಕೂರಿಸಿ, ಸಿಹಿ ಕುಡಿಸಿ. ಕೈಕಾಲು ತಿಕ್ಕಬೇಡಿ, ಸುಡುನೀರಿನ ಸ್ನಾನ ಮಾಡಿಸಬೇಡಿ. ನಡುಕ ನಿಂತು ಮಾತು ತೊದಲಿದರೆ ತಡಮಾಡದೆ ಇಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಮಾಡಿ.

ಮನೆಗೆ ಬಂದ ಮೇಲೆ ನಂಗು ಸ್ವಚ್ಛ ಮಾಡುವ ಮೊದಲು ಸೂಟ್ ತೊಳೆಯುತ್ತೇನೆ. ಸಿಹಿನೀರು ಹಾಯಿಸಿ, ಜಿಪ್ಪಿನ ಹಲ್ಲುಗಳ ನಡುವಿನ ಮರಳನ್ನು ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ತೆಗೆದು, ನೆರಳಿನಲ್ಲಿ ನೇತುಹಾಕುತ್ತೇನೆ. ಕತ್ತಿನ ರಬ್ಬರನ್ನು ಬೆಳಕಿಗೆ ಹಿಡಿದು, ಸ್ವಲ್ಪ ಎಳೆದು ನೋಡುತ್ತೇನೆ. ಹೋದ ಅಕ್ಟೋಬರ್‌ನಲ್ಲಿ ಒಂದು ಕೂದಲೆಳೆಯಷ್ಟು ಬಿರುಕು ಕಂಡಿತು. ಹೊಸ ಪಟ್ಟಿ ಹಾಕಿಸಿ ತರಲು ಮೂರು ವಾರ ಹಿಡಿಯಿತು. ಆ ಮೂರು ವಾರವೂ ಒಳ್ಳೇ ಬಿಸಿಲಿತ್ತು, ಕಯಾಕ್ ಗ್ಯಾರೇಜಿನಲ್ಲೇ ಇತ್ತು.